ಆಮೆ ಮೇಯುವಷ್ಟು ಹೊತ್ತು

ನಮ್ಮೂರಿನಲ್ಲಿ ಮಧ್ಯಾಹ್ನ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಹೊತ್ತು ನೆತ್ತಿಗೆ ಬಂದಾಗ ಮನೆಮನೆಯ ಅಂಗಳದಲ್ಲೂ ಆಮೆಗೆ ಮೇವು ಹಾಕುತ್ತಾರೆ. ಆಮೆ ಮೇಯುವಷ್ಟು ಹೊತ್ತು, ಆ ಮನೆಯಲ್ಲಿ ಕಡೆಯದಾಗಿ ತೀರಿಕೊಂಡವರು ಮಾತಾಡುತ್ತಾರೆ. ಹೊಸದೇನನ್ನೂ ಹೇಳುವುದಿಲ್ಲ. ಬದುಕಿದ್ದಾಗ ಆ ಮನೆಯಲ್ಲಿ ಆಡಿದ್ದನ್ನೇ ಆಡುತ್ತಾರೆ. ‘ಹಾಲು ಉಕ್ತು ನೋಡು’, ‘ನನ್ ಟವೆಲ್ ಎಲ್ಲಿ’, ‘ಬಾಗಿಲು ಹಾಕು, ಬೆಕ್ಕು ಬರ್ತೈತೆ’, ಇಂಥವೇ. ಹೊರಗಿನಿಂದ ನೆಂಟರು ಬಂದರೆ ಸತ್ತವರು ಏನೋ ದೊಡ್ಡ ಗುಟ್ಟು ಬಿಚ್ಚುತ್ತಾರೆಂದು ಕಿವಿ ನಿಮಿರಿಸಿ ಕೂರುತ್ತಾರೆ. ಕೊನೆಗೆ ಉಪ್ಪಿನಕಾಯಿ ಭರಣಿಯ ಮುಚ್ಚಳದ ವಿಷಯ ಕೇಳಿ ಪೆಚ್ಚಾಗಿ ಏಳುತ್ತಾರೆ.

ಈ ಮಾತಿಗೂ ಒಂದು ಕ್ರಮವಿದೆ. ಮೊದಲ ತುತ್ತಿಗೆ ಕೊನೆಯ ದಿನಗಳ ಮಾತು. ಮೇಯುತ್ತ ಹೋದಂತೆ ಅದಕ್ಕೂ ಹಿಂದಿನದು, ಅದಕ್ಕೂ ಹಿಂದಿನದು. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡರೆ ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಮತ್ತೆ ಕೊನೆಯಿಂದಲೇ ಶುರು. ಹಿಂದಿನ ಬೀದಿಯ ಕಾಳಮ್ಮ ತನ್ನ ಅತ್ತೆ ಹೋದಮೇಲೆ ಆಮೆಗೆ ದಿನಕ್ಕೆ ಒಂದೂವರೆ ಎಲೆಗಿಂತ ಹೆಚ್ಚು ಹಾಕಿದವಳಲ್ಲ. ಎರಡನೆಯ ಎಲೆ ಪೂರ್ತಿಯಾದರೆ ಅತ್ತೆ ವರದಕ್ಷಿಣೆಯ ಪಾತ್ರೆಗಳ ಕಾಲಕ್ಕೆ ಹೋಗುತ್ತಾಳಂತೆ. ಅದನ್ನು ಒಂದು ಸಲ ಕೇಳಿದ್ದೇ ಸಾಕು ಅನ್ನುತ್ತಾಳೆ. ಸತ್ತವರನ್ನು ಕಂಡಿರುವ ಆ ಒಂದು ಆಮೆ ಸತ್ತರೆ ಮುಗಿಯಿತು, ಬೇರೆ ಆಮೆ ತಂದು ಸಾಕಿದರೆ ಆ ದನಿ ಬರುವುದಿಲ್ಲ. ಅದಕ್ಕೇ ನಮ್ಮಲ್ಲಿ ಮಕ್ಕಳಿಗೆ ಹುಷಾರು ತಪ್ಪಿದರೆ ಕಷಾಯ ಕಾಸಿ ಸುಮ್ಮನಾಗುವವರೂ ಆಮೆ ಒಂದು ಹೊತ್ತು ಮೇವು ಬಿಟ್ಟರೆ ಬೀದಿಗೆ ಬಂದು ಎದೆ ಬಡಿದುಕೊಳ್ಳುತ್ತಾರೆ.

ಇನ್ನು ನನ್ನ ವಿಷಯ. ನನ್ನ ಹೆಸರು ಕೆಂಚಮ್ಮ. ಗಿಡ ಕೂರಿಸುವುದು ನನ್ನ ಕಸುಬು. ನಮ್ಮದು ಸುಣ್ಣಕಲ್ಲಿನ ನೆಲ. ಬೇಲಿಯ ಪಾಪಾಸುಕಳ್ಳಿ, ಗೋಡೆ ಬುಡದ ಗೋಣಿಸೊಪ್ಪು ಬಿಟ್ಟರೆ ಆಮೆಗೆ ಒಗ್ಗುವಂಥದ್ದು ಹೆಚ್ಚು ಬೆಳೆಯುವುದಿಲ್ಲ. ತಿಂಗಳಿಗೊಮ್ಮೆ ಮಾಬುಸಾಬು ಲಾರಿಯಲ್ಲಿ ನರ್ಸರಿಯ ಗಿಡ ತಂದು ಚೌಕದಲ್ಲಿ ಮಾರುತ್ತಾನೆ. ದಪ್ಪ ಎಲೆಯ, ಮೈತುಂಬ ನೀರು ಹಿಡಿದುಕೊಂಡ ಗಿಡಗಳು. ಅದರಲ್ಲಿ ಎಲೆಗಳನ್ನೇ ಗುಲಾಬಿಯ ಪಕಳೆಗಳಂತೆ ಜೋಡಿಸಿಕೊಂಡ ಒಂದು ಗಿಡವಿದೆ, ನಾವು ಎಲೆಗುಲಾಬಿ ಅನ್ನುತ್ತೇವೆ. ಆಮೆಗಳಿಗೆ ಅದೆಂದರೆ ಪ್ರಾಣ. ಕೊಂಡವರು ಅದನ್ನು ನೇರ ಮನೆಗೆ ಒಯ್ಯುವಂತಿಲ್ಲ, ನನ್ನ ಅಂಗಳಕ್ಕೆ ತರಬೇಕು. ಮುರಿದರೆ ಹಾಲು ಸುರಿಯುವ ಕಳ್ಳಿಯನ್ನೂ ಕಾಡುಬಸಳೆಯ ಜಾತಿಯನ್ನೂ ಬಾಗಿಲಲ್ಲೇ ವಾಪಸು ಕಳಿಸುತ್ತೇನೆ. ಅವು ಎಷ್ಟು ವರ್ಷ ಕೂತರೂ ವಿಷವೇ. ಉಳಿದವನ್ನು ಕುಂಡದಿಂದ ಕಿತ್ತು, ಅಂಗಡಿಯ ಮಣ್ಣನ್ನು ಒಂದು ಕಣವೂ ಉಳಿಯದಂತೆ ಕೊಡವಿ, ಸಾಸಿವೆಯಷ್ಟು ದಪ್ಪದ ಗೊಬ್ಬರದ ಗುಂಡುಗಳನ್ನು ಬೇರಿನ ಸಂದಿಯಿಂದ ಆರಿಸಿ, ಮೂರು ನೀರಿನಲ್ಲಿ ತೊಳೆದು, ನಮ್ಮ ಮಣ್ಣಿನಲ್ಲಿ ನೆಡುತ್ತೇನೆ. ನೆಟ್ಟ ದಿನ ಎಲ್ಲಕ್ಕಿಂತ ಒಳಗಿನ ಎಲೆಯ ಒಳಮಗ್ಗುಲಲ್ಲಿ, ಸುಳಿಯ ಸುತ್ತ, ಒಂದು ಕೆಂಪು ದಾರ ಸುತ್ತುತ್ತೇನೆ. ಆಮೇಲೆ ಅದು ಒಂದು ವರ್ಷ ಅಲ್ಲೇ ಕೂರಬೇಕು. ವರ್ಷ ತುಂಬಿದ ಮೇಲೂ ದಾರದ ಒಳಗೆ ಹೊಸದಾಗಿ ಹುಟ್ಟಿದ ಎಲೆಗಳಷ್ಟೇ ಆಮೆಯ ಪಾಲು. ದಾರದ ಹೊರಗಿನ ಎಲೆಗಳನ್ನು ಕಿತ್ತು ಹಿತ್ತಲ ಗುಂಡಿಯಲ್ಲಿ ಹೂಳುತ್ತೇನೆ.

ಯಾಕೆಂದು ಮಾಬುಸಾಬೇ ಒಮ್ಮೆ ಹೇಳಿದ್ದ. ಕಪಟವಿಲ್ಲದ ಮನುಷ್ಯ. “ಹುಳ ಬೀಳಬಾರದು ಅಂತ ಔಷಧಿನ ಬೇರಿಗೇ ಹಾಕ್ತಾರಕ್ಕ. ಅದು ಬೇರಿಂದ ಏರಿ ಎಲೆ ಒಳಗೆ ಕೂತ್ಕಂತೈತೆ. ಮೇಲೆ ನೀವು ಗಂಗೇಲಿ ತೊಳೆದ್ರೂ ಒಳಗಿಂದು ಹೋಗಲ್ಲ. ಮನುಷ್ಯನ ಕಣ್ಣಿಗೆ ಚೆಂದ ಕಾಣ್ಲಿ ಅಂತ ಬೆಳೆಸಿದ್ದು ಇದು, ತಿನ್ಲಿ ಅಂತ ಅಲ್ಲ.” ಈ ಮಾತನ್ನು ನಾನು ಊರಿಗೆಲ್ಲ ಸಾವಿರ ಸಲ ಹೇಳಿದ್ದೇನೆ. ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ ಅನ್ನುವುದು ನನಗೂ ಗೊತ್ತು. ಕೆಂಚಮ್ಮನ ಅಂಗಳ ಅಂದರೆ ಕೋರ್ಟು ಅಂತ ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡು ಅಂತ ಒಳಗೊಳಗೇ ಹಿಗ್ಗುತ್ತಿದ್ದೆ.

ನನಗೆ ಒಬ್ಬನೇ ಮಗ, ಓಂಕಾರಿ. ಗಿಡಗಳ ನಡುವೆಯೇ ಅಂಬೆಗಾಲಿಟ್ಟವನು. ಬೆಳೆದ ಮೇಲೆ ಅವನೇ ಬೇರು ತೊಳೆಯುತ್ತಿದ್ದ, ನಾನು ದಾರ ಕಟ್ಟುತ್ತಿದ್ದೆ. ವನಜಾಕ್ಷಿಯನ್ನು ತಂದು ಮದುವೆ ಮಾಡಿದೆ. ಹುಡುಗಿ ಮಾತು ಕಡಿಮೆ, ಕೆಲಸ ಚೊಕ್ಕ. ಗೋಡೆಯಾಚೆ ಗುರುಶಾಂತಪ್ಪ ಮೇಷ್ಟ್ರ ಮನೆ. ಅವರ ಹೆಂಡತಿ ಸರ್ವಮಂಗಳಮ್ಮ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಆ ಬೇಸಿಗೆ ಅವರ ಆಮೆ ಮೇವು ಬಿಟ್ಟಿತು. ಹೆಂಡತಿಯ ದನಿ ಕೇಳದೆ ಹದಿಮೂರು ದಿನವಾಯಿತೆಂದು ಮೇಷ್ಟ್ರು ಗೋಡೆಗೆ ಆನಿಕೊಂಡು ಓಂಕಾರಿಯ ಹತ್ತಿರ ಅತ್ತರಂತೆ. ಕೂತು ಐದೇ ತಿಂಗಳಾಗಿದ್ದ ಎಲೆಗುಲಾಬಿಯನ್ನು ಇವನು ಎತ್ತಿ ಕೊಟ್ಟುಬಿಟ್ಟ. ಆಮೆ ಆಸೆಯಿಂದ ಮೇಯಿತು. ಒಂಬತ್ತನೆಯ ದಿನಕ್ಕೆ ಸತ್ತಿತು.

ನಾನು ಅವನನ್ನು ಅಂಗಳದ ನಡುವೆ ನಿಲ್ಲಿಸಿಕೊಂಡೆ. ಬೀದಿಯವರೆಲ್ಲ ಗೋಡೆಯ ಮೇಲೆ ಕತ್ತು ಹಾಕಿದ್ದರು. “ಆ ತಾಯಿನ ಎರಡನೇ ಸಲ ಸಾಯಿಸಿದೆಯಲ್ಲೋ. ನಿನ್ನ ಕೈ ಕೊಲೆಗಾರನ ಕೈ. ಇನ್ಮೇಲೆ ನನ್ನ ಗಿಡ ಮುಟ್ಟಬೇಡ” ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ನನಗೆ ಆ ಗಾದೆ ಬಾರದ್ದೇನಲ್ಲ. ಅವನು ತಲೆ ತಗ್ಗಿಸಿಕೊಂಡೇ, “ಆಯ್ತು ಬಿಡವ್ವ, ಇನ್ಮೇಲೆ ಮುಟ್ಟಲ್ಲ” ಅಂದ. ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದೇ.

ಅಲ್ಲಿಂದ ಎರಡು ವರ್ಷ ಒಂದೇ ಸೂರಿನಡಿ ಇದ್ದೆವು. ಅವನು ಗಿರಣಿಯ ಕೆಲಸಕ್ಕೆ ಸೇರಿಕೊಂಡ. ಬೆಳಿಗ್ಗೆ ರಾತ್ರಿ ಮನೆಯಲ್ಲಿ ಉಂಡರೂ ಮಧ್ಯಾಹ್ನದ ಊಟಕ್ಕೆ ಬರುವುದನ್ನು ನಿಲ್ಲಿಸಿದ. ಆಮೆಗೆ ಮೇವು ಹಾಕುವುದು, ಬೇರು ತೊಳೆಯುವುದು ಎಲ್ಲ ಆ ಹೊತ್ತಿನಲ್ಲೇ ಆದ್ದರಿಂದ, ನನ್ನ ಮುಖ ನೋಡಲು ಇಷ್ಟವಿಲ್ಲದೆ ಎಲ್ಲೋ ಉಣ್ಣುತ್ತಾನೆ ಅಂದುಕೊಂಡೆ. ನಾನು ಬೇಯಿಸಿದ ಅನ್ನವೇ ಬೇಡವಾಯಿತೇ ಅಂತ ಹೊಟ್ಟೆ ಉರಿಯುತ್ತಿತ್ತು. ಅವನೇ ಮೊದಲು ಮಾತಾಡಲಿ, ಹಡೆದವಳು ನಾನೇಕೆ ಸೋಲಲಿ ಅಂತ ನಾನೂ ಬಾಯಿ ಬಿಗಿದುಕೊಂಡೆ. ಕಾರ್ತೀಕ ಮಾಸದಲ್ಲಿ ಅವನಿಗೆ ಜ್ವರ ಬಂತು. ಮೂರು ದಿನ. ಮೂರನೆಯ ದಿನ ಸಂಜೆ ಹಣೆಯ ಮೇಲೆ ಕೈಯಿಟ್ಟೆ, ಸುಡುತ್ತಿತ್ತು. ಆಗಲಾದರೂ ‘ಓಂಕಾರಿ’ ಅನ್ನಬಹುದಿತ್ತು. ನಾಳೆ ಜ್ವರ ಬಿಡಲಿ, ಗಂಜಿ ಕೊಡುವಾಗ ಮಾತಾಡಿಸೋಣ ಅಂದುಕೊಂಡೆ. ನಾಳೆ ಅನ್ನುವುದು ಅವನಿಗಿರಲಿಲ್ಲ.

ಹನ್ನೊಂದನೆಯ ದಿನ ಮೇವು ಹಾಕಿದಾಗ ನಮ್ಮ ಆಮೆಯ ಮುಂದೆ ಅವನ ದನಿ ಎದ್ದಿತು. ಅದುವರೆಗೆ ಅಲ್ಲಿ ನನ್ನ ಗಂಡ ಮಾತಾಡುತ್ತಿದ್ದ. ಹದಿನೆಂಟು ವರ್ಷ ‘ಉಪ್ಪು ಕಮ್ಮಿ’ ಅನ್ನುವುದನ್ನೇ ಕೇಳಿದ್ದ ನನಗೆ ಅವನು ಸುಮ್ಮನಾದದ್ದಕ್ಕೆ ಅಂಥ ದುಃಖವೇನೂ ಆಗಲಿಲ್ಲ. “ವನಜಾ, ದೀಪ ಸಣ್ಣ ಮಾಡು, ಕಣ್ಣಿಗೆ ಹೊಡೀತೈತೆ” ಅಂತ ಓಂಕಾರಿ ಅಂದ. ನನ್ನ ಸೊಸೆ ಕಂಬಕ್ಕೆ ಒರಗಿ ಅಲ್ಲೇ ಕೂತಳು. ಎರಡನೆಯ ತುತ್ತಿಗೆ, “ವನಜಾ, ನಿಂಗೆ ಆ ಹಸಿರು ಸೀರೇನೇ ಚೆಂದ.” ಮೂರನೆಯದಕ್ಕೆ, “ವನಜಾ, ಮಂಡಿನೋವಿಗೆ ಎಣ್ಣೆ ತಂದಿವ್ನಿ, ಒಲೆ ಪಕ್ಕ ಇಡು, ಯಾರು ತಂದಿದ್ದು ಅಂತ ಹೇಳ್ಬೇಡ.” ಆ ಎಣ್ಣೆ ನನ್ನ ಮಂಡಿಗೆ ಬಂದದ್ದು. ಸೊಸೆಯೇ ತಂದಳೆಂದು ಹಚ್ಚಿಕೊಂಡಿದ್ದೆ. ನಾನು ತೊಟ್ಟಿಯ ಕಡೆ ತಿರುಗಿ ಬೇರು ತೊಳೆಯುವವಳಂತೆ ನಟಿಸಿದೆ.

ದಿನಾ ಹೀಗೇ. ಅವಳಿಗೆ ಮೊದಲ ತುತ್ತಿನಿಂದಲೇ ಗಂಡ ಸಿಗುತ್ತಿದ್ದ. ನನಗೆ ಮಗ ಸಿಗಬೇಕಾದರೆ ಆಮೆ ಎರಡು ವರ್ಷದ ಮೌನವನ್ನು ಮೇಯ್ದು ದಾಟಬೇಕಿತ್ತು. ನಮ್ಮ ಆಮೆ ಮುದಿಯದು, ನಾಲ್ಕೈದು ತುತ್ತಿಗೆ ಸುಸ್ತಾಗುತ್ತಿತ್ತು. ಮಾಗಿಯಲ್ಲಿ ಒಂದು ದಿನ ಮಾತ್ರ, ಬಿಸಿಲು ಹಿತವಾಗಿತ್ತು, ಎಂಟು ತುತ್ತು ತಿಂದಿತು. ಎಂಟನೆಯದಕ್ಕೆ “ಆಯ್ತು ಬಿಡವ್ವ, ಇನ್ಮೇಲೆ ಮುಟ್ಟಲ್ಲ” ಅಂತ ಬಂತು. ಅಷ್ಟಕ್ಕೆ ತಲೆ ಒಳಗೆಳೆದುಕೊಂಡಿತು. ಅದಕ್ಕೂ ಹಿಂದೆ ಇಪ್ಪತ್ತೆಂಟು ವರ್ಷದ ‘ಅವ್ವ’ಗಳಿದ್ದವು. ಇನ್ನೊಂದೇ ತುತ್ತು ತಿಂದಿದ್ದರೆ, ಒಂದೇ ಒಂದು, ಕೋಪವಿಲ್ಲದ ‘ಅವ್ವ’ ಸಿಕ್ಕಿಬಿಡುತ್ತಿತ್ತು. ಆ ದಿನದಿಂದ ನನಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ.

ಚೈತ್ರ ಕಳೆಯುವ ಹೊತ್ತಿಗೆ ಬಿಸಿಲು ಊರನ್ನು ಹುರಿಯಿತು. ಗೋಣಿಸೊಪ್ಪು ಸುಟ್ಟುಹೋಯಿತು. ಪಾಪಾಸುಕಳ್ಳಿ ಸುಕ್ಕುಗಟ್ಟಿತು, ಮುಳ್ಳು ಸುಟ್ಟು ಹೆಚ್ಚಿ ಹಾಕಿದರೂ ಆಮೆ ಮೂಸಿ ಬಿಡುತ್ತಿತ್ತು. ವರ್ಷ ತುಂಬಿದ ಎಲೆಗುಲಾಬಿಗಳು ಊರವರ ಪಾಲಿಗೇ ಸಾಲುತ್ತಿರಲಿಲ್ಲ. ನಮ್ಮ ಆಮೆ ದಿನಕ್ಕೆ ಎರಡು ತುತ್ತು ತಿನ್ನುತ್ತಿತ್ತು. ದೀಪ, ಹಸಿರು ಸೀರೆ, ಅಷ್ಟೇ. ವನಜಾಕ್ಷಿಗೆ ಅಷ್ಟು ಸಾಕಾಗಿತ್ತು. ಕಣ್ಣೊರೆಸಿಕೊಂಡು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ವಯಸ್ಸಿಗೆ ಹೇಳಿಕೊಳ್ಳುವಂಥದ್ದಲ್ಲ, ಆದರೂ ಆಗುತ್ತಿತ್ತು.

ಗುಂಡಿಯಲ್ಲಿ ಹೂಳಬೇಕಾದ ಅಂಗಡಿಯ ಎಲೆಗಳನ್ನು ಆ ವರ್ಷ ಮಂಡಿನೋವಿನ ದೆಸೆಯಿಂದ ನಾನು ಹಿತ್ತಲಿಗೆ ಒಯ್ದಿರಲಿಲ್ಲ. ತೊಟ್ಟಿಯ ಹಿಂದೆ ಮರಳು ಹಾಕಿದ ತಟ್ಟೆಗಳಲ್ಲಿ ಗುಡ್ಡೆ ಬಿದ್ದಿದ್ದವು. ಎಲೆಗುಲಾಬಿಯ ಗುಣವೇ ಹಾಗೆ, ಕಿತ್ತು ಎಸೆದ ಎಲೆಯ ತೊಟ್ಟಿನಲ್ಲೂ ಮರಿ ಹುಟ್ಟುತ್ತದೆ. ಒಂದು ದಿನ ನೋಡುತ್ತೇನೆ, ಒಂದೊಂದು ಎಲೆಯ ಬುಡದಲ್ಲೂ ಹೆಬ್ಬೆರಳಿನ ಉಗುರಿನಷ್ಟು, ರೂಪಾಯಿಯಷ್ಟು ಅಗಲದ ಎಳೆಯ ಗಿಡಗಳು. ನೂರಾರು. ಬಿಸಿಲಿಗೆ ಊರೆಲ್ಲ ಬಾಡಿದ್ದರೂ ಅವು ಮಾತ್ರ ರಸ ತುಂಬಿಕೊಂಡು ಹೊಳೆಯುತ್ತಿದ್ದವು. ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ. ಇವು ನರ್ಸರಿಯಲ್ಲಿ ಹುಟ್ಟಿದ್ದಲ್ಲ. ಲಾರಿ ಕಂಡಿಲ್ಲ. ಅಂಗಡಿಯ ಮಣ್ಣು ಇವುಗಳ ಬೇರಿಗೆ ಸೋಕಿಲ್ಲ. ನನ್ನ ತಟ್ಟೆಯಲ್ಲಿ, ನನ್ನ ಮರಳಿನಲ್ಲಿ ಹುಟ್ಟಿದವು. ದಾರದ ಒಳಗಿನ ಎಲೆ ಆಗುವುದಾದರೆ ಇವೇಕೆ ಆಗಬಾರದು? ಬೇರೆ ಯಾರಾದರೂ ಬಂದು ಹೀಗೆ ವಾದಿಸಿದ್ದರೆ ಹಿಡಿದು ಜಾಡಿಸುತ್ತಿದ್ದೆ. ಆಸೆ ಹೇಳುವ ನ್ಯಾಯ ಮಾತ್ರ ಯಾವಾಗಲೂ ಸರಿಯಾಗಿಯೇ ಕೇಳಿಸುತ್ತದೆ.

ವನಜಾಕ್ಷಿ ತಂಗಿಯ ಸೀಮಂತಕ್ಕೆಂದು ತವರಿಗೆ ಹೊರಟಳು. ಹೋಗುವಾಗ, “ಮೂರು ದಿನ ಅತ್ತೆ. ಅವರು ಏನೇನಂದ್ರು ಅಂತ ನೆನಪಿಟ್ಕೊಂಡು ಹೇಳಿ” ಅಂದಳು. “ಅದೇ ದೀಪ, ಅದೇ ಸೀರೆ, ಇನ್ನೇನಿರ್ತೈತೆ, ಹೋಗಿ ಬಾ” ಅಂದೆ. ಅವಳು ಬೀದಿಯ ಕೊನೆ ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದೆ.

ಆ ಮಧ್ಯಾಹ್ನ ಎಳೆಯ ಗಿಡಗಳನ್ನೆಲ್ಲ ತೊಟ್ಟಿನಿಂದ ಚಿವುಟಿ ಮೊರದ ತುಂಬ ಹರಡಿಕೊಂಡೆ. ತಾಯೆಲೆಗಳನ್ನು ತಟ್ಟೆಯಲ್ಲೇ ಬಿಟ್ಟೆ. ಮೊದಲ ಹಿಡಿ ಹಾಕಿದಾಗ ಆಮೆ ಕತ್ತನ್ನು ಇಷ್ಟುದ್ದ ಚಾಚಿತು. ಅದು ಅಷ್ಟು ಆತುರಪಟ್ಟದ್ದನ್ನು ನಾನು ಕಂಡೇ ಇರಲಿಲ್ಲ. ದೀಪವಾಯಿತು, ಸೀರೆಯಾಯಿತು, ಎಣ್ಣೆಯಾಯಿತು. ಇನ್ನೊಂದು ಹಿಡಿ ಹಾಕಿದೆ. “ಆಯ್ತು ಬಿಡವ್ವ” ಬಂತು. ಆಮೆ ತಲೆ ಎಳೆದುಕೊಳ್ಳಲಿಲ್ಲ, ಇನ್ನೊಂದು ಮರಿಯನ್ನು ಕಚ್ಚಿತು. “ಅವ್ವ, ಸಾರಿಗೆ ಸ್ವಲ್ಪ ಹುಣಸೆಹುಳಿ ಬಿಡು, ಸಪ್ಪೆ ಐತೆ.” ನನಗೆ ನಗು ಬಂತು, ಅಪ್ಪನ ಮಗ. “ಅವ್ವ, ನಂಗೆ ಆ ಹುಡುಗಿ ಒಪ್ಪಿಗೆ.” “ಅವ್ವ, ಅಳಬೇಡ, ಅಪ್ಪ ಇಲ್ದಿದ್ರೆ ಏನು, ನಾನಿಲ್ವಾ.” ಮೊರದಲ್ಲಿ ಅರ್ಧ ಉಳಿದಿತ್ತು. ದನಿ ಒಡೆಯುವುದಕ್ಕೂ ಹಿಂದಿನ ಕಾಲಕ್ಕೆ ಹೋಯಿತು, ತೆಳ್ಳಗಾಯಿತು. ನೆರಳು ಅಂಗಳದ ಅರ್ಧಕ್ಕೆ ಬಂದಿತ್ತು. ಕಂಬದ ಪಕ್ಕದಲ್ಲಿ ಆರೇಳು ವರ್ಷದ ನನ್ನ ಮಗು ಕೇಳಿತು, “ಅವ್ವಾ, ಇದು ಹಾಕ್ಬಹುದಾ?”

ದಿನಾ ಕೇಳುತ್ತಿದ್ದ ಮಾತದು. ಕೈಯಲ್ಲಿ ಏನಾದರೂ ಸೊಪ್ಪು ಹಿಡಿದುಕೊಂಡು ಬಂದು, ಆಮೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಾನು ಹೂಂ ಅನ್ನುವವರೆಗೂ ಹಾಕುತ್ತಿರಲಿಲ್ಲ. “ಹಾಕು ಮಗ, ಹಾಕು” ಅಂತ ನಾನು ಜೋರಾಗಿಯೇ ಅಂದೆ. ಉಳಿದದ್ದನ್ನೆಲ್ಲ ಎರಡೂ ಕೈಯಿಂದ ಸುರಿದೆ. “ಅವ್ವಾ, ತಿಂತೈತೆ ನೋಡವ್ವಾ” ಅಂದಿತು ಮಗು. ಎಷ್ಟು ಖುಷಿಯಾಗಿ ಅಂದಿತೆಂದರೆ, ಆ ಗಳಿಗೆಯಲ್ಲಿ ನನಗೆ ಯಾವ ದುಃಖವೂ ನೆನಪಿರಲಿಲ್ಲ. ಬದುಕಿನಲ್ಲಿ ನಾನು ಸುಖಪಟ್ಟ ಕೊನೆಯ ಮಧ್ಯಾಹ್ನ ಅದು.

ಮಾರನೆಯ ದಿನ ಆಮೆ ಮೂಲೆಯಿಂದ ಈಚೆಗೆ ಬರಲಿಲ್ಲ. ಹೆಚ್ಚು ತಿಂದದ್ದಕ್ಕೆ ಅಂದುಕೊಂಡೆ. ಅದರ ಮಾರನೆಯ ದಿನ ಹಿಂಗಾಲು ಎಳೆಯುತ್ತಿತ್ತು. ಎತ್ತಿ ಹಿಡಿದರೆ ಕಾಲು ಒಳಗೆಳೆದುಕೊಳ್ಳುವ ಬದಲು ಜೋತುಬಿದ್ದವು. ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿದೆ, ತಲೆ ನೀರಿಗೆ ಜಾರುತ್ತಿತ್ತು, ಗಲ್ಲದ ಕೆಳಗೆ ಬೆರಳು ಕೊಟ್ಟುಕೊಂಡು ಗಂಟೆಗಟ್ಟಲೆ ಕೂತೆ. ಮೇಷ್ಟ್ರ ಆಮೆಯ ಕಾಲೂ ಹೀಗೇ ಜೋತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆದರೂ ಸೆಕೆಗೆ ಹೀಗಾಗಿದೆ, ಸೆಕೆಗೆ ಅಂತ ನನಗೆ ನಾನೇ ಹೇಳಿಕೊಂಡೆ.

ವನಜಾಕ್ಷಿ ಬಂದವಳು ಸೀಮಂತದ ಬುತ್ತಿಯನ್ನೂ ಕೆಳಗಿಡದೆ ಅಂಗಳಕ್ಕೆ ಬಂದಳು. “ಏನಂದ್ರು ಅತ್ತೆ?” ಅಂತ ಮೊದಲು ಕೇಳಿದಳು. ಆಮೇಲೆ ಆಮೆಯನ್ನು ನೋಡಿದಳು. “ವಯಸ್ಸಾಯ್ತಲ್ಲ, ಸೆಕೆ ಬೇರೆ” ಅಂದೆ. ಅವಳು ದಿನಾ ಮಧ್ಯಾಹ್ನ ಎಲ್ಲಿಂದಲೋ ಒಂದು ಹಸಿ ಎಲೆ ಹುಡುಕಿ ತಂದು ಅದರ ಬಾಯಿಯ ಹತ್ತಿರ ಹಿಡಿದುಕೊಂಡು ಕೂರುತ್ತಿದ್ದಳು. ಬಾಯಿ ತೆರೆಯುತ್ತಿರಲಿಲ್ಲ. ಒಂದು ದಿನ ಅರ್ಧ ಕಚ್ಚಿತು. “ವನಜಾ, ದೀ...” ಅಂತ ಬಂತು. ಎಲೆ ಬಾಯಿಂದ ಜಾರಿತು. ಒಂಬತ್ತನೆಯ ದಿನ ಬೆಳಿಗ್ಗೆ ಅವಳೇ ಅದನ್ನು ಮುಟ್ಟಿ ನೋಡಿ, ಸೆರಗಿನಿಂದ ಮುಚ್ಚಿದಳು.

ಗುಂಡಿ ತೋಡಲು ಪಕ್ಕದ ಮನೆಯಿಂದ ಮೇಷ್ಟ್ರು ಬಂದರು. ತಮ್ಮ ಆಮೆ ಸತ್ತ ಮೇಲೆ ನಮ್ಮ ಅಂಗಳಕ್ಕೆ ಕಾಲಿಟ್ಟವರಲ್ಲ. ಮಣ್ಣು ಮುಚ್ಚಿಯಾದ ಮೇಲೆ ಕೈ ತೊಳೆಯಲು ತೊಟ್ಟಿಯ ಹತ್ತಿರ ಹೋದರು. ವನಜಾಕ್ಷಿ ನೀರು ಹಾಕಲು ಹಿಂದೆ ಹೋದಳು. ಅವಳು ಅಲ್ಲಿ ತಟ್ಟೆಗಳನ್ನು ಕಂಡಳು. ಒಂದು ಎಲೆಯನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದಳು. ಕಾಗದದ ಹಾಗೆ ತೆಳ್ಳಗಾಗಿ ಸುರುಟಿಹೋಗಿತ್ತು, ಮರಿ ಚಿವುಟಿದ ಗುರುತು ತೊಟ್ಟಿನಲ್ಲಿತ್ತು. “ಇಷ್ಟು ದಪ್ಪ ಇದ್ದ ಎಲೆ ಅತ್ತೆ. ಇದರ ನೀರೆಲ್ಲ ಎಲ್ಲಿಗೆ ಹೋಯ್ತು?” ಅಂತ ಕೇಳಿದಳು.

ಎಲ್ಲಿಗೆ ಹೋಯಿತೆಂದು ನನಗೆ ಆಗ ಕಂಡಿತು. ತಾಯೆಲೆ ತನ್ನಲ್ಲಿದ್ದದ್ದನ್ನೆಲ್ಲ ಮರಿಗೆ ಉಣ್ಣಿಸಿ ಒಣಗಿತ್ತು. ಒಳಗೆ ಕೂತಿದ್ದ ಔಷಧಿಯನ್ನೂ ಸೇರಿಸಿ ಉಣ್ಣಿಸಿತ್ತು. ನಲವತ್ತು ವರ್ಷ ಊರಿಗೆ ಬುದ್ಧಿ ಹೇಳಿದವಳಿಗೆ ಇಷ್ಟು ಹೊಳೆದಿರಲಿಲ್ಲ, ಅಥವಾ ಹೊಳೆಯುವುದು ಬೇಕಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. “ನಾನೇ ಹಾಕಿದೆ” ಅಂದೆ. “ಒಂದು ಸಲ ಅವ್ವ ಅನ್ನಿಸ್ಕೋಬೇಕು ಅಂತ ಹಾಕಿದೆ. ನಿನ್ನ ಗಂಡನ ದನಿನ ನಾನೇ ತಿಂದ್ಕೊಂಡೆ ವನಜ.” ಬೈಯಲಿ, ಬೀದಿಯವರನ್ನೆಲ್ಲ ಕರೆದು ನನ್ನನ್ನು ಅಂಗಳದ ನಡುವೆ ನಿಲ್ಲಿಸಿಕೊಳ್ಳಲಿ ಅಂತ ಕಾದೆ. ಅವಳು ಆ ಎಲೆಯನ್ನು ತಟ್ಟೆಯಲ್ಲಿ ಮೊದಲಿದ್ದ ಜಾಗಕ್ಕೇ ಇಟ್ಟು ಒಳಗೆ ಹೋದಳು.

ಮೇಷ್ಟ್ರು ತೊಟ್ಟಿಯ ಅಂಚಿನ ಮೇಲೆ ಕೂತರು. “ಕೆಂಚಮ್ಮ, ನಿನ್ನ ಮಗ ಮಧ್ಯಾಹ್ನ ಎಲ್ಲಿ ಉಣ್ತಿದ್ದ ಅಂತ ಗೊತ್ತಾ?” ಅಂತ ಕೇಳಿದರು. ಗೊತ್ತಿಲ್ಲ ಅಂದೆ. “ನನ್ನ ಮನೇಲಿ ಕಣಮ್ಮ. ನಮ್ಮ ಆಮೆ ಸತ್ತ ಮಾರನೇ ದಿನದಿಂದ. ಗಿರಣಿ ಕಡೆಯಿಂದ ಹಿತ್ತಲ ಬಾಗಿಲಿಗೆ ಬರೋನು. ಊಟ ಹಾಕಿ ಮೇಷ್ಟ್ರೇ ಅನ್ನೋನು. ಒಂದೊಂದು ತುತ್ತು ಉಂಡು ನಮ್ಮ ಮಂಗಳಿ ಮಾತು ಒಂದೊಂದು ಹೇಳೋನು. ನಾಲ್ಕು ವರ್ಷ ಗೋಡೆ ಈಚೆಯಿಂದ ಕೇಳಿಸ್ಕೊಂಡಿದ್ನಲ್ಲ, ಎಲ್ಲ ಬಾಯಿಗೆ ಬರ್ತಿತ್ತು. ‘ರೀ, ಕನ್ನಡಕ ಹಣೆ ಮೇಲೈತೆ, ಊರೆಲ್ಲ ಹುಡುಕ್ಬೇಡಿ’ ಅನ್ನೋನು. ಎರಡು ವರ್ಷ ಒಂದಿನ ತಪ್ಪಿಸ್ಲಿಲ್ಲ.” ಅವರು ಟವೆಲಿನಿಂದ ಮುಖ ಒರೆಸಿಕೊಂಡರು. “ನಿಮ್ಮವ್ವಂಗೆ ಹೇಳಪ್ಪ ಅಂದೆ. ಅವ್ವ ಮಾತಾಡಿಸ್ಲಿ ಮೇಷ್ಟ್ರೇ, ಆವಾಗ ಹೇಳ್ತೀನಿ ಅಂದ.”

ಅವರು ಎದ್ದು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಬಿಸಿಲು ನೆತ್ತಿಗೆ ಬಂತು. ಅಕ್ಕಪಕ್ಕದ ಅಂಗಳಗಳಲ್ಲಿ ಒಂದೊಂದಾಗಿ ದನಿಗಳು ಶುರುವಾದವು. ಯಾರೋ ಯಾರಿಗೋ ಛತ್ರಿ ತಗೊಂಡು ಹೋಗು ಅಂದರು. ಕಾಳಮ್ಮನ ಅತ್ತೆ ಒಂದೂವರೆ ಎಲೆಯಷ್ಟು ಮಾತಾಡಿ ನಿಂತಳು. ನಮ್ಮ ಅಂಗಳದಲ್ಲಿ ಹೊಸ ಮಣ್ಣಿನ ಗುಡ್ಡೆ ಮಾತ್ರ ಇತ್ತು. ವನಜಾಕ್ಷಿ ಒಳಗಿನಿಂದ ಬಂದಳು. ಆಮೆಗೆ ಮೇವು ಹಾಕುತ್ತಿದ್ದ ಜಾಗದಲ್ಲಿ ನೀರು ಚಿಮುಕಿಸಿ ಒರೆಸಿ ಮಣೆ ಹಾಕಿದಳು. ಮುದ್ದೆ, ಬಸ್ಸಾರು ಬಡಿಸಿದ ತಟ್ಟೆ ತಂದಿಟ್ಟಳು.

“ಬನ್ನಿ ಅತ್ತೆ, ಉಣ್ಣಿ” ಅಂದಳು.

“ಹಸಿವಿಲ್ಲ ಕಣೆ.”

“ಹಸಿವಿಗಲ್ಲ. ಅವರು ಮೇಷ್ಟ್ರ ಮನೇಲಿ ಮಾಡ್ತಿದ್ದದ್ದು ನಂಗೂ ಗೊತ್ತಿತ್ತು. ಬನ್ನಿ.” ಅಳುತ್ತಿರಲಿಲ್ಲ, ಕೋಪವೂ ಇರಲಿಲ್ಲ. ಎದುರಿಗೆ, ದಿನಾ ಕೂರುತ್ತಿದ್ದ ಕಂಬಕ್ಕೆ ಒರಗಿ ಕೂತಳು.

ನಾನು ಮಣೆಯ ಮೇಲೆ ಕೂತು ಒಂದು ತುತ್ತು ಮುರಿದು ಬಾಯಿಗಿಟ್ಟೆ. ಅವಳು ಕಾದಳು. “ವನಜಾ, ದೀಪ ಸಣ್ಣ ಮಾಡು, ಕಣ್ಣಿಗೆ ಚುಚ್ತೈತೆ” ಅಂದೆ. ನನ್ನ ದನಿ ಒಡೆದ ಗಡಿಗೆಯ ಹಾಗಿತ್ತು. “ಚುಚ್ತೈತೆ ಅಲ್ಲ, ಹೊಡೀತೈತೆ” ಅಂದಳು. “ಹೊಡೀತೈತೆ” ಅಂತ ತಿದ್ದಿಕೊಂಡೆ. ಅವಳು ಕಣ್ಣು ಮುಚ್ಚಿದಳು. ಎರಡನೆಯ ತುತ್ತಿಗೆ ಹಸಿರು ಸೀರೆಯನ್ನು ಹೇಳಿದೆ. ಮೂರನೆಯದಕ್ಕೆ ಎಣ್ಣೆಯನ್ನು. ಅವಳು ನೀರು ಕೊಟ್ಟು, “ನಿಧಾನಕ್ಕೆ ಉಣ್ಣಿ” ಅಂದಳು. ನಾಲ್ಕು, ಐದು, ಆರು, ಏಳು. ಅವಳಿಗೆ ಅವನು ಆಡಿದ್ದನ್ನೆಲ್ಲ ನಾನು ಇಷ್ಟು ದಿನ ತೊಟ್ಟಿಯ ಕಡೆ ಮುಖ ಮಾಡಿಕೊಂಡೇ ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದೆ ಅಂತ ನನಗೇ ಆಶ್ಚರ್ಯವಾಯಿತು.

ತಟ್ಟೆಯಲ್ಲಿ ಒಂದು ತುತ್ತು ಉಳಿಯಿತು. ಅದು ಯಾವ ಮಾತಿನ ತುತ್ತೆಂದು ಇಬ್ಬರಿಗೂ ಗೊತ್ತಿತ್ತು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅವಳು ಅದನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದಳು.

“ಅದನ್ನೂ ಉಣ್ಣಿ ಅತ್ತೆ” ಅಂದಳು.

ಉಂಡೆ. “ಆಯ್ತು ಬಿಡವ್ವ, ಇನ್ಮೇಲೆ ಮುಟ್ಟಲ್ಲ” ಅಂದ ಓಂಕಾರಿ, ನನ್ನ ಬಾಯಿಂದ.